ಹಳೇ ಕಾರಿನ ರೇಡಿಯೋ-ಕ್ಯಾಸೆಟ್ ಸೆಟ್‌ನಲ್ಲಿ ಎಂಪಿ3 ಪ್ಲೇಯರ್ ಕೇಳೋದು ಹೇಗೆ?

@ಘಟ್ಟದಕೆಳಗೆ

ಎಲ್ಲರಿಗೂ ನಮಸ್ಕಾರ. ಅಪ್ಪನ ಹತ್ತಿರ 2004ರ ಸ್ಯಾಂಟ್ರೋ ಇದೆ. ಅದರಲ್ಲಿ ಇರುವುದು ಎಫ್‌ಎಂ ರೇಡಿಯೋ ಮತ್ತು ಕ್ಯಾಸೆಟ್ ಮಾತ್ರ. ಆಕ್ಸ್ (ಪ್ಲೇಯರ್ ವೈರ್ ಚುಚ್ಚುವ ತೂತು) ಇಲ್ಲ, ಯುಎಸ್‌ಬಿ ಇಲ್ಲ, ಬ್ಲೂಟೂತ್ ಅಂತೂ ಇಲ್ಲವೇ ಇಲ್ಲ.

ಅಪ್ಪನ ಆಸ್ತಿ ಅಂದರೆ ಒಂದು ಹಳೇ ಎಂಪಿ3 ಪ್ಲೇಯರ್. ಅದರಲ್ಲಿ ಸ್ನೇಹಿತರು ಊರೂರು ತಿರುಗಿ ರೆಕಾರ್ಡ್ ಮಾಡಿದ ಯಕ್ಷಗಾನ, ತಾಳಮದ್ದಳೆ ತುಂಬಿವೆ. ಒಂದೊಂದು ಫೈಲ್ ನಾಲ್ಕೈದು ಗಂಟೆಯದ್ದು. ಜೊತೆಗೆ ಪಿ. ಬಿ. ಶ್ರೀನಿವಾಸ್ ಅವರ ಹಳೇ ಹಾಡುಗಳು. ಬೆಂಗಳೂರಿನಿಂದ ಪುತ್ತೂರಿಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ಕೇಳಬೇಕು ಅಂತ ಅವರ ಆಸೆ.

ಎಸ್‌ಪಿ ರೋಡಿನಲ್ಲಿ ಒಂದು ಎಫ್‌ಎಂ ಟ್ರಾನ್ಸ್‌ಮಿಟರ್ ತಂದೆ. ಸಿಗರೇಟ್ ಲೈಟರ್ ಜಾಗಕ್ಕೆ ಚುಚ್ಚುವಂಥದ್ದು, ಪ್ಲೇಯರ್‌ನ ಧ್ವನಿಯನ್ನು ಕಾರಿನ ರೇಡಿಯೋ ಹಿಡಿಯುವ ಸಿಗ್ನಲ್ ಮಾಡಿ ಕಳಿಸುತ್ತದೆ. ನಗರದೊಳಗೆ ಬೇರೆ ಸ್ಟೇಷನ್ ನುಗ್ಗುತ್ತದೆ. ಹಾಸನ ದಾಟಿದ ಮೇಲೆ ಚೆನ್ನಾಗಿ ಕೇಳುತ್ತದೆ. ಆದರೆ ಆಕ್ಸಿಲರೇಟರ್ ಒತ್ತಿದಾಗೆಲ್ಲ "ಕುಂಯ್ಯ್" ಅಂತ ಒಂದು ಶಬ್ದ ಏರುತ್ತಾ ಹೋಗುತ್ತದೆ. ಅರ್ಥ ಹೇಳುವವರು ಮಾತು ನಿಲ್ಲಿಸಿದ ಕೂಡಲೇ ಅದೇ ಶಬ್ದ ಎದ್ದು ಕೇಳಿಸುತ್ತದೆ. ಏನು ಮಾಡಬಹುದು?

@ರೇಡಿಯೋಕಿವಿ

ಎರಡು ಬೇರೆ ಬೇರೆ ತೊಂದರೆ ಇವೆ. ಮೊದಲು ಸ್ಟೇಷನ್ ನುಗ್ಗುವ ವಿಷಯ.

ಎಫ್‌ಎಂ ರೇಡಿಯೋಗೆ ಒಂದು ಗುಣ ಇದೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಸಿಗ್ನಲ್ ಬಂದರೆ ಅದು ಎರಡನ್ನೂ ಕಲಸಿ ಕೊಡುವುದಿಲ್ಲ. ಯಾವುದು ಜೋರಾಗಿದೆಯೋ ಅದನ್ನೇ ಹಿಡಿಯುತ್ತದೆ. ನಿಮ್ಮ ಟ್ರಾನ್ಸ್‌ಮಿಟರ್ ಕಾರಿನೊಳಗೆ ಇದ್ದರೂ ಅದರ ಶಕ್ತಿ ಬಹಳ ಕಮ್ಮಿ. ಆಂಟೆನಾ ಇರುವುದು ಹೊರಗೆ, ನಡುವೆ ತಗಡು. ಟವರ್ ಹತ್ತಿರ ಬಂದರೆ ಸ್ಟೇಷನ್ ಗೆಲ್ಲುತ್ತದೆ, ದೂರ ಹೋದರೆ ನೀವು ಗೆಲ್ಲುತ್ತೀರಿ.

ಬೆಂಗಳೂರಿನಲ್ಲಿ 91.1, 91.9, 92.7, 93.5, 94.3, 95, 98.3, ಆಕಾಶವಾಣಿಯ 101.3 ಮತ್ತು 102.9, ಆಮೇಲೆ 104. ಇವುಗಳ ಅಕ್ಕಪಕ್ಕ ಹೋಗಲೇಬೇಡಿ. 90.4ರಲ್ಲಿ ಸಮುದಾಯ ರೇಡಿಯೋ ಇದೆ, ಅದನ್ನೂ ಬಿಡಿ. ಉಳಿಯುವುದು ಕೆಳತುದಿಯ 88ರಿಂದ 89.5, ಮೇಲ್ತುದಿಯ 107ರಿಂದ 108. ಟ್ರಾನ್ಸ್‌ಮಿಟರ್ ಆಫ್ ಮಾಡಿ, ರೇಡಿಯೋವನ್ನು ಅಲ್ಲಿಗೆ ತಿರುಗಿಸಿ, ನಗರದ ಗಜಿಬಿಜಿಯಲ್ಲೇ ಕೇಳಿ. ಯಾರ ಮಾತೂ ಇಲ್ಲದೆ ಒಂದೇ ಸಮ "ಸ್ಸ್" ಅಂತ ಬರಬೇಕು. ಆ ಜಾಗ ನಿಮ್ಮದು. ಎರಡು ಜಾಗ ಹುಡುಕಿ ರೇಡಿಯೋದ ಬಟನ್‌ಗಳಿಗೆ ಕೂರಿಸಿ.

ದಾರಿಯಲ್ಲಿ ಹಾಸನ ಆಕಾಶವಾಣಿ 102.2, ಕೆಳಗಿಳಿದ ಮೇಲೆ ಮಂಗಳೂರು ಆಕಾಶವಾಣಿ 100.3. ಅವೆರಡೂ ಈ ತುದಿಗಳಿಂದ ದೂರವೇ ಇವೆ. ಶಿರಾಡಿ ಘಾಟಿಯಲ್ಲಿ ಗುಡ್ಡಗಳು ಸ್ಟೇಷನ್‌ಗಳನ್ನು ಮರೆ ಮಾಡುತ್ತವೆ. ಅದಕ್ಕೇ ನಿಮಗೆ ಅಲ್ಲಿ ಚೆನ್ನಾಗಿ ಕೇಳಿಸುವುದು.

@ಹೊಸಡೆಕ್

ಇಷ್ಟೆಲ್ಲ ಒದ್ದಾಟ ಯಾಕೆ? ಡೆಕ್ ಬದಲಾಯಿಸಿ. ಜೆಸಿ ರೋಡಿಗೆ ಹೋದರೆ ಆಕ್ಸ್, ಯುಎಸ್‌ಬಿ, ಬ್ಲೂಟೂತ್ ಮೂರೂ ಇರುವ ಸೆಟ್ ಸಿಗುತ್ತದೆ. ನಿಮ್ಮದು ಒಂದು ಡಿನ್ ಅಳತೆಯ ಸೆಟ್ ಆದರೆ, ಅಂದರೆ ಮುಂಭಾಗ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ ಇದ್ದರೆ, ಹೊಸದು ಅದೇ ಜಾಗದಲ್ಲಿ ಕೂರುತ್ತದೆ. ಒಂದು ಮಾತು ಮಾತ್ರ ನೆನಪಿಡಿ. ಕಾರಿನ ವೈರ್ ಕತ್ತರಿಸಲು ಬಿಡಬೇಡಿ. ಕಾರಿನ ಪ್ಲಗ್‌ಗೆ ಹೊಸ ಸೆಟ್ ಜೋಡಿಸುವ ಕಪ್ಲರ್ ಹಾಕಿಸಿ. ಹಳದಿ ವೈರ್ ಯಾವಾಗಲೂ ಕರೆಂಟ್ ಇರುವುದು, ಗಡಿಯಾರ ಮತ್ತು ಸ್ಟೇಷನ್ ನೆನಪಿಗೆ. ಕೆಂಪು ಕೀ ತಿರುಗಿಸಿದರೆ ಬರುವುದು. ಕಪ್ಪು ಅರ್ತ್. ಹಳದಿ, ಕೆಂಪು ಅದಲುಬದಲಾದರೆ ಗಾಡಿ ಆಫ್ ಮಾಡಿದಾಗೆಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ.

@ಘಟ್ಟದಕೆಳಗೆ

ಧನ್ಯವಾದ. ನಾನೂ ಮೊದಲು ಅದನ್ನೇ ಹೇಳಿದ್ದೆ, ಅಪ್ಪ ಒಪ್ಪಲಿಲ್ಲ. ಈ ಸೆಟ್ಟಿನ ತಿರುಪುಗಳು ಅವರ ಕೈಗೆ ಅಭ್ಯಾಸ. ರಸ್ತೆಯಿಂದ ಕಣ್ಣು ತೆಗೆಯದೆ ವಾಲ್ಯೂಮ್ ಇಳಿಸುತ್ತಾರೆ. ಕ್ಯಾಸೆಟ್‌ಗಳೂ ಒಂದು ಪೆಟ್ಟಿಗೆ ತುಂಬ ಇವೆ, ಈಗಲೂ ಹಾಕುತ್ತಾರೆ.

ಇನ್ನೊಂದು ಕಾರಣ ಇದೆ. ಅಣ್ಣನ ಕಾರಿನಲ್ಲಿ ಪೆನ್‌ಡ್ರೈವ್ ಹಾಕಿ ನೋಡಿದೆವು. ಚಹಾಕ್ಕೆ ಅಂತ ಗಾಡಿ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿದರೆ ಪ್ರಸಂಗ ಮೊದಲಿನಿಂದ ಶುರು. ಮೂರು ಗಂಟೆ ಮುಂದಕ್ಕೆ ಓಡಿಸುವುದು ಯಾರಿಗೆ ಬೇಕು? ಪ್ಲೇಯರ್ ಆದರೆ ನಿಲ್ಲಿಸಿದ ಜಾಗದಿಂದಲೇ ಶುರುವಾಗುತ್ತದೆ.

@ಹೊಸಡೆಕ್

ಎಲ್ಲ ಸೆಟ್ ಹಾಗಿಲ್ಲ, ಬಹಳಷ್ಟು ಸೆಟ್‌ಗಳು ನಿಲ್ಲಿಸಿದ ಜಾಗ ನೆನಪಿಡುತ್ತವೆ. ಆದರೆ ದೊಡ್ಡ ಫೈಲ್ ಅಂದರೆ ಕೆಲವು ತಡವರಿಸುವುದು ನಿಜ. ಹಾಡಿನ ಕ್ರಮವೂ ಹಾಗೇ. ಅಕ್ಷರದ ಪ್ರಕಾರ ಬರುವುದಿಲ್ಲ, ಪೆನ್‌ಡ್ರೈವ್‌ಗೆ ಯಾವ ಕ್ರಮದಲ್ಲಿ ಕಾಪಿ ಮಾಡಿದ್ದೀರೋ ಅದೇ ಕ್ರಮದಲ್ಲಿ ಹಾಡುವ ಸೆಟ್‌ಗಳೂ ಇವೆ. ಹಳೇ ಸೆಟ್‌ಗಳು ಪೆನ್‌ಡ್ರೈವ್ ಫಾರ್ಮ್ಯಾಟ್‌ಗಳಲ್ಲಿ ಫ್ಯಾಟ್32 ಮಾತ್ರ ಓದುತ್ತವೆ, ಎಕ್ಸ್‌ಫ್ಯಾಟ್ ಪೆನ್‌ಡ್ರೈವ್ ಹಾಕಿದರೆ ಖಾಲಿ ಅನ್ನುತ್ತವೆ. ಕ್ಯಾಸೆಟ್‌ಗಳ ಪೆಟ್ಟಿಗೆ ಇದೆ ಅಂದ ಮೇಲೆ ನನ್ನ ಮಾತು ವಾಪಸ್. ಸೆಟ್ ಇಟ್ಟುಕೊಳ್ಳಿ.

@ಬೆಸುಗೆಡಬ್ಬಿ

ಕ್ಯಾಸೆಟ್ ಬಾಯಿ ಕೆಲಸ ಮಾಡುತ್ತಿದೆ ಅಂದರೆ ಟ್ರಾನ್ಸ್‌ಮಿಟರ್ ಗೊಡವೆ ಬಿಡಿ ತಂಗಿ. ಕ್ಯಾಸೆಟ್ ಅಡಾಪ್ಟರ್ ಹುಡುಕಿ. ಕಾರ್ ಸ್ಟೀರಿಯೋ ರಿಪೇರಿಯಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಇಂಥ ಸೆಟ್‌ಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ನೋಡಲು ಕ್ಯಾಸೆಟ್ ಥರಾನೇ ಇರುತ್ತದೆ, ಒಳಗೆ ಟೇಪ್ ಇಲ್ಲ. ಒಂದು ವೈರ್ ಹೊರಗೆ ಬಂದು ಪ್ಲೇಯರ್‌ನ 3.5 ಮಿಲಿಮೀಟರ್ ತೂತಿಗೆ ಹೋಗುತ್ತದೆ. ಟೇಪ್ ಓದುವ ಹೆಡ್ ಎಲ್ಲಿ ಮುಟ್ಟುತ್ತದೋ ಸರಿಯಾಗಿ ಅಲ್ಲಿ ಅಡಾಪ್ಟರ್‌ನಲ್ಲೂ ಒಂದು ಸಣ್ಣ ಹೆಡ್ ಇದೆ. ಪ್ಲೇಯರ್‌ನಿಂದ ಬಂದ ಸಿಗ್ನಲ್ ಅಲ್ಲಿ ಅಯಸ್ಕಾಂತದ ಏರಿಳಿತ ಆಗುತ್ತದೆ. ಟೇಪ್ ಮೇಲಿನ ಅಯಸ್ಕಾಂತದ ಗೆರೆಗಳನ್ನು ಓದುವ ಹಾಗೇ ಸೆಟ್ಟಿನ ಹೆಡ್ ಇದನ್ನೂ ಓದುತ್ತದೆ. ಗಾಳಿಯಲ್ಲಿ ಹೋಗುವ ರೇಡಿಯೋ ಸಿಗ್ನಲ್ ಇಲ್ಲ, ನುಗ್ಗುವ ಸ್ಟೇಷನ್ನೂ ಇಲ್ಲ.

ಒಳಗೆ ಪ್ಲಾಸ್ಟಿಕ್ ಚಕ್ರಗಳಿರುತ್ತವೆ. ಸೆಟ್ಟು ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆಯೂ ತಿರುಗಬೇಕು, ಅಷ್ಟೇ ಅವುಗಳ ಕೆಲಸ. ಅವು ಸಿಕ್ಕಿಹಾಕಿಕೊಂಡರೆ ಸೆಟ್ಟು ಟೇಪ್ ಮುಗಿಯಿತು ಅಂದುಕೊಂಡು ಸೈಡ್ ಬದಲಿಸುತ್ತದೆ, ಇಲ್ಲವೇ ಹೊರಗೆ ತಳ್ಳುತ್ತದೆ. ಆಟೋ ರಿವರ್ಸ್ ಸೆಟ್ ಆದರೆ ಒಮ್ಮೊಮ್ಮೆ ಹಾಕಿದ ಕೂಡಲೇ ಏನೂ ಕೇಳಿಸುವುದಿಲ್ಲ. ಸೈಡ್ ಬದಲಿಸುವ ಬಟನ್ ಒತ್ತಿ, ಧ್ವನಿ ಬರುತ್ತದೆ.

ಹಾಕುವ ಮೊದಲು ಸೆಟ್ಟಿನ ಹೆಡ್ ಒರೆಸಿ. ಹತ್ತಿಯ ಕಡ್ಡಿ, ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್. ಕಂದು ಬಣ್ಣದ ಕೊಳೆ ಬರುವುದು ನಿಲ್ಲುವ ತನಕ ಒರೆಸಬೇಕು. ಟೇಪಿನ "ಸ್ಸ್" ತಗ್ಗಿಸುವ ಡಾಲ್ಬಿ ಬಟನ್ ಇದ್ದರೆ ಆಫ್ ಇಡಿ, ಇಲ್ಲದಿದ್ದರೆ ಧ್ವನಿ ಮಂಕಾಗುತ್ತದೆ.

@ರೇಡಿಯೋಕಿವಿ

ಸಾರ್ ಹೇಳಿದ್ದು ಸರಿ. ತಾಳಮದ್ದಳೆಗೆ ವೈರೇ ಬೇಕು. ಹಾಡಿನಲ್ಲಿ ಎಫ್‌ಎಂ ಗೊರಗೊರ ಅಷ್ಟಾಗಿ ಗೊತ್ತಾಗುವುದಿಲ್ಲ, ಮಾತಿನಲ್ಲಿ ಗೊತ್ತಾಗುತ್ತದೆ. ಅರ್ಥಧಾರಿ ಸ್ವರ ತಗ್ಗಿಸಿ ಹೇಳುವ ಜಾಗದಲ್ಲೇ ಸೊಗಸು ಇರುವುದು, ಅಲ್ವಾ? ಆ ಜಾಗವನ್ನೇ ಟ್ರಾನ್ಸ್‌ಮಿಟರ್ ಹಾಳು ಮಾಡುತ್ತದೆ.

"ಕುಂಯ್ಯ್" ಶಬ್ದದ ಬಗ್ಗೆ: ಪ್ಲೇಯರ್‌ಗೆ ಚಾರ್ಜ್ ಅದೇ ಟ್ರಾನ್ಸ್‌ಮಿಟರ್‌ನ ಯುಎಸ್‌ಬಿ ತೂತಿನಿಂದ ಕೊಟ್ಟಿದ್ದೀರಾ? ಹಾಗಿದ್ದರೆ ಆ ಕೇಬಲ್ ಕಿತ್ತು ನೋಡಿ.

@ಘಟ್ಟದಕೆಳಗೆ

ಹೌದು, ಅಲ್ಲಿಂದಲೇ ಕೊಟ್ಟಿದ್ದೆ! ಈಗಷ್ಟೇ ಕೆಳಗೆ ಹೋಗಿ ಗಾಡಿ ಸ್ಟಾರ್ಟ್ ಮಾಡಿ ನೋಡಿ ಬಂದೆ. ಚಾರ್ಜ್ ಕೇಬಲ್ ಕಿತ್ತರೆ ಶಬ್ದ ಪೂರ್ತಿ ಮಾಯ. ಹಾಕಿದರೆ ಮತ್ತೆ ಬರುತ್ತದೆ. ಇದು ಹೇಗೆ?

@ಬೆಸುಗೆಡಬ್ಬಿ

ಅದು ಆಲ್ಟರ್ನೇಟರ್ ಶಬ್ದ. ಇಂಜಿನ್ ಜೋರಾದ ಹಾಗೆ ಆಲ್ಟರ್ನೇಟರ್ ಜೋರಾಗಿ ತಿರುಗುತ್ತದೆ, ಶಬ್ದದ ಸ್ವರವೂ ಏರುತ್ತದೆ. ಪ್ಲೇಯರ್‌ನ ಅರ್ತ್ ಚಾರ್ಜರ್ ವೈರ್‌ನಲ್ಲಿ ಒಂದು ದಾರಿ, ಆಡಿಯೋ ವೈರ್‌ನಲ್ಲಿ ಇನ್ನೊಂದು ದಾರಿ ಹಿಡಿಯುತ್ತದೆ. ಎರಡು ಸೇರಿ ಒಂದು ಸುತ್ತು ಆಗುತ್ತದೆ. ಆ ಸುತ್ತಿನಲ್ಲಿ ಹರಿಯುವ ಕರೆಂಟೇ ನಿಮ್ಮ ಕುಂಯ್ಯ್.

ಸುಲಭದ ದಾರಿ: ಪ್ಲೇಯರ್ ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿ, ದಾರಿಯಲ್ಲಿ ಬ್ಯಾಟರಿ ಮೇಲೆ ಓಡಿಸಿ. ಇಲ್ಲವೇ ಒಂದು ಪವರ್‌ಬ್ಯಾಂಕ್‌ನಿಂದ ಚಾರ್ಜ್ ಕೊಡಿ, ಅದಕ್ಕೂ ಕಾರಿಗೂ ಸಂಬಂಧ ಇಲ್ಲವಲ್ಲ. ಇನ್ನೊಂದು ದಾರಿ ಗ್ರೌಂಡ್ ಲೂಪ್ ಐಸೋಲೇಟರ್. ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿ, ಆಡಿಯೋ ವೈರ್ ನಡುವೆ ಹಾಕುವುದು. ಧ್ವನಿ ದಾಟುತ್ತದೆ, ಅರ್ತ್ ದಾಟುವುದಿಲ್ಲ. ತೀರಾ ಅಗ್ಗದ್ದು ತಂದರೆ ಮದ್ದಳೆಯ ತಗ್ಗಿನ ನಾದ ತೆಳುವಾಗುತ್ತದೆ, ಅದಕ್ಕೇ ನಾನು ಮೊದಲು ಪವರ್‌ಬ್ಯಾಂಕ್ ಅನ್ನುತ್ತೇನೆ.

@ಧಾರವಾಡಪೇಢಾ

ನಮ್ಮ ಗಾಡಿಯಲ್ಲೂ ಇದೇ ಶಬ್ದ ಇತ್ತು ನೋಡ್ರಿ, ಪವರ್‌ಬ್ಯಾಂಕ್ ಉಪಾಯ ಇವತ್ತೇ ಮಾಡತೀನಿ. ಒಂದು ಪ್ರಶ್ನೆ. ನನ್ನ ಫೋನಿನಲ್ಲಿ ಇಯರ್‌ಫೋನ್ ತೂತೇ ಇಲ್ಲ. ಕ್ಯಾಸೆಟ್ ಅಡಾಪ್ಟರ್ ನಡೀತದೇನ್ರಿ?

@ರೇಡಿಯೋಕಿವಿ

ನಡೆಯುತ್ತದೆ. ಎರಡು ದಾರಿ ಇವೆ. ಒಂದು ಟೈಪ್-ಸಿಯಿಂದ 3.5 ಮಿಲಿಮೀಟರ್‌ಗೆ ಬದಲಿಸುವ ಡಾಂಗಲ್. ಕೆಲವು ಫೋನ್‌ಗಳು ಟೈಪ್-ಸಿಯಲ್ಲಿ ನೇರ ಆಡಿಯೋ ಕೊಡುವುದಿಲ್ಲ, ಅಂಥವಕ್ಕೆ ಒಳಗೆ ಡಿಎಸಿ (ಡಿಜಿಟಲ್ ಸಿಗ್ನಲ್ಲನ್ನು ಧ್ವನಿಯ ಸಿಗ್ನಲ್ ಮಾಡುವ ಚಿಪ್) ಇರುವ ಡಾಂಗಲ್ಲೇ ಬೇಕು. ಸುಮ್ನೆ ವೈರ್ ಮಾತ್ರ ಇರುವುದು ಸಾಲದು. ಇನ್ನೊಂದು, ಬ್ಯಾಟರಿ ಇರುವ ಬ್ಲೂಟೂತ್ ರಿಸೀವರ್. ಅದರ ತೂತಿಗೆ ಕ್ಯಾಸೆಟ್ ಅಡಾಪ್ಟರ್‌ನ ಜ್ಯಾಕ್ ಚುಚ್ಚಿ. ಫೋನ್ ಜೇಬಿನಲ್ಲೇ ಇರಲಿ.

@ಆಕ್ಲೆಂಡ್‌ಕನ್ನಡಿಗ

ನ್ಯೂಜಿಲೆಂಡ್‌ನಿಂದ ಒಂದು ಮಾತು. ಇಲ್ಲಿ ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರು ಜಾಸ್ತಿ. ನನ್ನದೂ ಅದೇ. ಜಪಾನಿನಲ್ಲಿ ಎಫ್‌ಎಂ ಬ್ಯಾಂಡ್ 76ರಿಂದ ಶುರು. ಹಳೇ ಸೆಟ್‌ಗಳು 90ಕ್ಕೆ ನಿಲ್ಲುತ್ತವೆ. ಹಾಗಾಗಿ ಟ್ರಾನ್ಸ್‌ಮಿಟರ್ ಹಾಕಿದರೆ ನಮಗೆ ಸಿಗುವುದು 88ರಿಂದ 90ರ ನಡುವಿನ ಕಿರಿದಾದ ಜಾಗ ಮಾತ್ರ. ಹೊಸದಾಗಿ ಬಂದ ಕನ್ನಡದವರು ಟ್ರಾನ್ಸ್‌ಮಿಟರ್ ತಂದು 107ಕ್ಕೆ ಇಟ್ಟು, ಕಾರಿನ ರೇಡಿಯೋದಲ್ಲಿ 107 ಎಲ್ಲಿದೆ ಅಂತ ಹುಡುಕುತ್ತಾರೆ. ಇಲ್ಲಿಗೆ ಬರುವವರು ಕೊಳ್ಳುವ ಮೊದಲು ರೇಡಿಯೋ ಎಲ್ಲಿಯ ತನಕ ಹೋಗುತ್ತದೆ ಅಂತ ತಿರುಗಿಸಿ ನೋಡಿಕೊಳ್ಳಿ.

@ಹೊಸಡೆಕ್

ಇದು ಗೊತ್ತೇ ಇರಲಿಲ್ಲ. ಒಳ್ಳೇ ಮಾಹಿತಿ.

@ಘಟ್ಟದಕೆಳಗೆ

ಅಡಾಪ್ಟರ್ ಸಿಕ್ಕಿತು! ಪುತ್ತೂರಿನ ಮಾವನ ಮನೆಯ ಕಪಾಟಿನಲ್ಲಿ ಇತ್ತು. ಅವರು ಹಿಂದೆ ಡಿಸ್ಕ್‌ಮ್ಯಾನ್ (ಕೈಯಲ್ಲಿ ಒಯ್ಯುವ ಸಿಡಿ ಪ್ಲೇಯರ್) ಕೇಳಲು ತಂದದ್ದಂತೆ. ಹೆಡ್ ಒರೆಸಿ ಹಾಕಿದೆ. ಸ್ಟೇಷನ್ ಕಾಟ ಇಲ್ಲ.

ಆದರೆ ಒಂದು ವಿಚಿತ್ರ. ಹೊಸ ಹಾಡು ಹಾಕಿದರೆ ವಯೊಲಿನ್, ಕೋರಸ್, ಪ್ರತಿಧ್ವನಿ ಎಲ್ಲ ಕೇಳಿಸುತ್ತದೆ, ಹಾಡುವವರ ಗಂಟಲು ಮಾತ್ರ ಇಲ್ಲ. ಎಲ್ಲೋ ದೂರದ ಬಾವಿಯೊಳಗಿಂದ ಬಂದ ಹಾಗೆ. ಪಿ. ಬಿ. ಶ್ರೀನಿವಾಸ್ ಹಾಡು ಹಾಕಿದರೆ ಹೆಚ್ಚುಕಮ್ಮಿ ಏನೂ ಇಲ್ಲ. ಯಕ್ಷಗಾನ ಪೂರ್ತಿ ಮೌನ. ಪ್ಲೇಯರ್‌ನಲ್ಲಿ ಸೆಕೆಂಡು ಓಡುತ್ತಿದೆ, ಇಯರ್‌ಫೋನ್ ಹಾಕಿದರೆ ಎಲ್ಲವೂ ಸರಿ. ಅಪ್ಪನಿಗೆ ಬಹಳ ಬೇಜಾರಾಗಿದೆ.

@ಬೆಸುಗೆಡಬ್ಬಿ

ಬೇಜಾರು ಬೇಡ ಅಂತ ಅಪ್ಪನಿಗೆ ಹೇಳಿ. ನೀವು ಬರೆದ ಲಕ್ಷಣದಲ್ಲೇ ಉತ್ತರ ಇದೆ. ವೈರ್‌ನಲ್ಲಿ ಅರ್ತ್ ಕಡಿದಿದೆ, ಇಲ್ಲವೇ ಜ್ಯಾಕ್ ಪೂರ್ತಿ ಒಳಗೆ ಕೂತಿಲ್ಲ.

ಜ್ಯಾಕ್ ನೋಡಿ. ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ, ಬುಡ ಎರಡಕ್ಕೂ ಸೇರಿ ಅರ್ತ್. ಅರ್ತ್ ಕಡಿದರೆ ಕರೆಂಟ್ ವಾಪಸ್ ಬರಲು ದಾರಿ ಇಲ್ಲ. ಎಡದಿಂದ ಹೊರಟದ್ದು ಬಲದಲ್ಲಿ ವಾಪಸ್ ಬರಬೇಕು. ಆಗ ಎರಡು ಕಡೆ ಸಮಾನವಾಗಿ ಇರುವ ಧ್ವನಿ ಅಳಿಸಿಹೋಗುತ್ತದೆ. ಎಡಬಲದ ವ್ಯತ್ಯಾಸ ಮಾತ್ರ ಉಳಿಯುತ್ತದೆ.

ಹೊಸ ಹಾಡುಗಳಲ್ಲಿ ಹಾಡುವವರ ಧ್ವನಿಯನ್ನು ಸಾಮಾನ್ಯವಾಗಿ ಸರಿಯಾಗಿ ನಡುವೆ ಇಟ್ಟಿರುತ್ತಾರೆ. ಅದು ಹೋಯಿತು. ವಾದ್ಯಗಳು ಅತ್ತಿತ್ತ ಹರಡಿರುತ್ತವೆ, ಅವು ಉಳಿದವು. ಅರವತ್ತರ ದಶಕದ ಹಾಡುಗಳು ಮೋನೋ, ಎಡಬಲ ಎರಡೂ ಒಂದೇ, ಅದಕ್ಕೇ ಎಲ್ಲವೂ ಹೋಯಿತು. ನಿಮ್ಮ ಯಕ್ಷಗಾನ ಒಂದೇ ಮೈಕಿನಲ್ಲೋ, ಮಿಕ್ಸರ್‌ನ ಒಂದೇ ವೈರ್‌ನಿಂದಲೋ ಹಿಡಿದದ್ದು ಇರಬೇಕು. ಅದೂ ಮೋನೋ.

ಮೊದಲು ಪ್ಲೇಯರ್‌ನ ರಬ್ಬರ್ ಕವರ್ ತೆಗೆದು ಜ್ಯಾಕ್ ಗಟ್ಟಿಯಾಗಿ ಒತ್ತಿ. ಸರಿ ಹೋಗದಿದ್ದರೆ ಯಕ್ಷಗಾನ ಹಾಕಿ, ಜ್ಯಾಕ್‌ನ ಬುಡದಲ್ಲಿ ವೈರನ್ನು ನಿಧಾನಕ್ಕೆ ಬಗ್ಗಿಸುತ್ತಾ ಹೋಗಿ. ಭಾಗವತರು ಒಂದು ಕ್ಷಣ ಬಂದು ಹೋದರೆ ಕಡಿದಿರುವುದು ಅಲ್ಲೇ.

@ಘಟ್ಟದಕೆಳಗೆ

ಕವರ್ ತೆಗೆದರೂ ಆಗಲಿಲ್ಲ. ಬುಡದಲ್ಲಿ ಬಗ್ಗಿಸಿದಾಗ ಚೆಂಡೆ "ಡಣ್" ಅಂತ ಬಂದು ಮತ್ತೆ ಮಾಯ. ಮಾವ ವೈರನ್ನು ಅಡಾಪ್ಟರ್‌ಗೆ ಬಿಗಿಯಾಗಿ ಸುತ್ತಿ ಇಟ್ಟಿದ್ದರು. ಜ್ಯಾಕ್ ಪಕ್ಕದಲ್ಲೇ ಮಡಚಿದ ಗುರುತು ಇದೆ.

@ಬೆಸುಗೆಡಬ್ಬಿ

ಸಿಕ್ಕಿತಲ್ಲ. ಜ್ಯಾಕ್‌ನಿಂದ ಎರಡು ಇಂಚು ಬಿಟ್ಟು ವೈರ್ ಕತ್ತರಿಸಿ, ಹೊಸ ಮೂರು ಭಾಗದ ಜ್ಯಾಕ್ ಬೆಸೆಯಬೇಕು. ಮೈಕ್ ಇರುವ ನಾಲ್ಕು ಭಾಗದ್ದು ಬೇಡ. ಊರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ನೀವೇ ಮಾಡುವುದಾದರೆ ಒಂದು ಎಚ್ಚರ. ಈ ವೈರ್ ಎಳೆಗಳ ಮೇಲೆ ತೆಳುವಾದ ವಾರ್ನಿಷ್ ಇರುತ್ತದೆ. ಬಣ್ಣಬಣ್ಣದ ಎಳೆ ಅಂದರೆ ಅದೇ. ಹಾಗೇ ಬೆಸೆದರೆ ಸೀಸ ಅಂಟಿದ ಹಾಗೆ ಕಾಣುತ್ತದೆ, ಕರೆಂಟ್ ಹೋಗುವುದಿಲ್ಲ. ಬಿಸಿ ಐರನ್ ತುದಿಯಲ್ಲಿ ಸ್ವಲ್ಪ ಸೀಸ ಇಟ್ಟು, ಎಳೆಯ ತುದಿಯನ್ನು ಅದರೊಳಗೆ ಅದ್ದಿ ಹಿಡಿಯಿರಿ. ವಾರ್ನಿಷ್ ಸುಟ್ಟು ಹೊಗೆ ಬಂದು, ತುದಿ ಬೆಳ್ಳಗೆ ಹೊಳೆಯುತ್ತದೆ. ಆಮೇಲೆ ಜ್ಯಾಕ್‌ಗೆ ಬೆಸೆಯಿರಿ. ಎಡಬಲ ಗೊತ್ತಾಗದಿದ್ದರೆ ಮೀಟರ್ ಇಟ್ಟು ನೋಡಿ. ಮೋನೋ ಕೇಳುವವರಿಗೆ ಎಡಬಲ ಅದಲುಬದಲಾದರೂ ನಷ್ಟ ಇಲ್ಲ, ಅರ್ತ್ ಮಾತ್ರ ತಪ್ಪಬಾರದು.

@ಧಾರವಾಡಪೇಢಾ

ವಾರ್ನಿಷ್ ವಿಷಯ ಬಹಳ ಉಪಯೋಗ ಆತು ಸಾರ್. ನಮ್ಮ ಕಡೆ ಎಷ್ಟೋ ಇಯರ್‌ಫೋನ್ ಇದೇ ಕಾರಣಕ್ಕ ಕಸದ ಬುಟ್ಟಿ ಸೇರ್ಯಾವ.

@ಘಟ್ಟದಕೆಳಗೆ

ಪುತ್ತೂರು ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಬೆಸೆಸಿದೆ. ಸಾರ್ ಹೇಳಿದ ಹಾಗೇ ಎಳೆಗಳ ತುದಿ ಸುಟ್ಟು ಬೆಳ್ಳಗೆ ಮಾಡಿಯೇ ಬೆಸೆದರು. ಅಂಗಡಿ ಮುಂದೆಯೇ ಗಾಡಿಯಲ್ಲಿ ಹಾಕಿ ನೋಡಿದೆವು. ಭಾಗವತರ ಪದ, ಚೆಂಡೆ, ಮದ್ದಳೆ ಎಲ್ಲ ಸ್ಪಷ್ಟ. ಅಪ್ಪ ಅಲ್ಲೇ ಸೀಟಿನಲ್ಲಿ ಕೂತು ಪದ ಮುಗಿಯುವ ತನಕ ಏಳಲಿಲ್ಲ.

ಇನ್ನೊಂದೇ ಪ್ರಶ್ನೆ. ಚೆಂಡೆ ಜೋರಾದಾಗ ಧ್ವನಿ ಸ್ವಲ್ಪ ಒಡೆಯುತ್ತದೆ. ಪ್ಲೇಯರ್ ವಾಲ್ಯೂಮ್ ಎಷ್ಟು ಇಡಬೇಕು?

@ರೇಡಿಯೋಕಿವಿ

ಪ್ಲೇಯರ್‌ನಲ್ಲಿ ಈಕ್ವಲೈಸರ್ ಮತ್ತು ಬಾಸ್ ಬೂಸ್ಟ್ ಎರಡೂ ಆಫ್ ಮಾಡಿ. ಚೆಂಡೆ ತುಂಬ ಜೋರಾಗಿರುವ ಜಾಗ, ಯುದ್ಧದ ಸನ್ನಿವೇಶ ಇದ್ದರೆ ಒಳ್ಳೆಯದು, ಅದನ್ನು ಹಾಕಿ. ಕಾರ್ ಸೆಟ್ಟಿನ ವಾಲ್ಯೂಮ್ ನೀವು ಯಾವಾಗಲೂ ಕೇಳುವ ಮಟ್ಟದಲ್ಲಿರಲಿ. ಪ್ಲೇಯರ್ ವಾಲ್ಯೂಮ್ ಏರಿಸುತ್ತಾ ಬನ್ನಿ. ಒಡೆಯಲು ಶುರುವಾದ ಜಾಗದಿಂದ ಎರಡು ಮೂರು ಹೆಜ್ಜೆ ಇಳಿಸಿ ಬಿಟ್ಟುಬಿಡಿ. ಸಾಮಾನ್ಯವಾಗಿ ಮುಕ್ಕಾಲು ಭಾಗದ ಹತ್ತಿರ ಬರುತ್ತದೆ. ತೀರಾ ಕಮ್ಮಿ ಇಟ್ಟು ಸೆಟ್ಟಿನಲ್ಲಿ ಏರಿಸಿದರೆ ಸೆಟ್ಟಿನದೇ "ಸ್ಸ್" ಕೂಡ ಏರುತ್ತದೆ. ಆಮೇಲೆ ಏರಿಸುವುದು, ಇಳಿಸುವುದು ಎಲ್ಲ ಅಪ್ಪನ ತಿರುಪಿನಲ್ಲೇ.

@ಹೊಸಡೆಕ್

ಎರಡು ಮಾತು ಸೇರಿಸುತ್ತೇನೆ. ವೈರ್ ಗೇರ್ ಲಿವರ್ ಹತ್ತಿರ ನೇತಾಡದ ಹಾಗೆ ಡ್ಯಾಶ್‌ಬೋರ್ಡ್ ಅಂಚಿಗೆ ಅಂಟಿಸಿ. ಓಡಿಸುವವರು ಪ್ಲೇಯರ್ ಮುಟ್ಟುವುದು ಬೇಡ, ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ. ಬಿಸಿಲಿನಲ್ಲಿ ಗಾಡಿ ನಿಲ್ಲಿಸಿದರೆ ಪ್ಲೇಯರ್ ಕೈಯಲ್ಲಿ ಹಿಡಿದುಕೊಂಡೇ ಇಳಿಯಿರಿ. ಗಾಜಿನ ಕೆಳಗೆ ಬಿಟ್ಟರೆ ಬ್ಯಾಟರಿ ಉಬ್ಬುತ್ತದೆ.

@ಬೆಸುಗೆಡಬ್ಬಿ

ಮತ್ತೆ ಆ ರೆಕಾರ್ಡಿಂಗ್‌ಗಳ ಇನ್ನೊಂದು ಪ್ರತಿ ಕಂಪ್ಯೂಟರ್‌ನಲ್ಲಿ ಇದೆಯಾ ತಂಗಿ? ಇಲ್ಲದಿದ್ದರೆ ಇವತ್ತೇ ಮಾಡಿ. ಹಳೇ ಪ್ಲೇಯರ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಸ್ನೇಹಿತರು ಮೈಕ್ ಹಿಡಿದು ಕೂತು ಮಾಡಿದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

@ಘಟ್ಟದಕೆಳಗೆ

ಇಲ್ಲ ಸಾರ್, ಪ್ಲೇಯರ್‌ನಲ್ಲಿ ಮಾತ್ರ ಇದೆ. ಈಗಲೇ ಲ್ಯಾಪ್‌ಟಾಪ್‌ಗೆ ಹಾಕಿ ಕಾಪಿ ಶುರು ಮಾಡಿದ್ದೇನೆ. ಪ್ರಸಂಗದ ಹೆಸರು, ಕಲಾವಿದರ ಹೆಸರು ಅಪ್ಪ ಹೇಳುತ್ತಿದ್ದಾರೆ, ನಾನು ಫೈಲ್‌ಗಳಿಗೆ ಹಾಕುತ್ತಿದ್ದೇನೆ.